ಮೊದಲ ನೋಟ ಊರಿನವರದಾಗಲಿ

ಕಲಾವಿದರ ರೆಸಿಡೆನ್ಸಿಯೊಂದು ಮುಗಿಯುವುದು ಯಾವಾಗ? ಕೋಣೆಯ ಬೀಗದ ಕೈ ಒಪ್ಪಿಸಿ ಬಸ್ಸು ಹತ್ತಿದಾಗ ಎನ್ನುವವರಿದ್ದಾರೆ. ಅಲ್ಲಿ ಮಾಡಿದ ಕೆಲಸ ಬೆಂಗಳೂರಿನ ಯಾವುದಾದರೂ ಗ್ಯಾಲರಿಯ ಗೋಡೆ ಏರಿದಾಗ ಎನ್ನುವವರೂ ಇದ್ದಾರೆ. ಐಸ್‌ಲ್ಯಾಂಡಿನ ಉತ್ತರ ಕರಾವಳಿಯ ಸ್ಕಗಸ್ಟ್ರೋಂಡ್ ಎಂಬ ಊರಿನಲ್ಲಿ ಕೆಲಸ ಮುಗಿಸಿ ಬಂದಿರುವ ನನಗೆ ಎರಡೂ ಉತ್ತರ ಒಪ್ಪಿಗೆಯಾಗುವುದಿಲ್ಲ. ಒಂದು ಊರಿನಲ್ಲಿ ಕೂತು ಮಾಡಿದ್ದನ್ನು ಆ ಊರಿನವರು ಎಲ್ಲರಿಗಿಂತ ಮೊದಲು ನೋಡಬೇಕು. ಅವರು ನೋಡದೆ ಅದು ಮುಗಿಯುವುದಿಲ್ಲ. ನಮ್ಮ ರಾಜ್ಯದಲ್ಲಿ ನಡೆಯುವ ಕಲಾ ಶಿಬಿರ, ರೆಸಿಡೆನ್ಸಿಗಳ ಷರತ್ತಿನಲ್ಲೂ ಇದು ಸೇರಬೇಕೆಂಬುದು ನನ್ನ ಒತ್ತಾಯ.

ಸ್ಕಗಸ್ಟ್ರೋಂಡ್ ರಾಜಧಾನಿ ರೇಕ್ಯಾವಿಕ್‌ನಿಂದ ಮೂರು ತಾಸಿನ ದಾರಿ. ಜನ ಐನೂರಕ್ಕೂ ಕಡಿಮೆ. ಎದುರಿಗೆ ಹೂನಾಫ್ಲೋಯಿ ಕೊಲ್ಲಿ, ಬೆನ್ನಿಗೆ ಸ್ಪಾಕೋನುಫೆಟ್ಲ್ ಬೆಟ್ಟ. ಹತ್ತನೇ ಶತಮಾನದಲ್ಲಿ ತೋರ್ಡೀಸ್ ಎಂಬ ಕಣಿ ಹೇಳುವ ಹೆಂಗಸು ಅದರ ಬುಡದಲ್ಲಿ ಬಾಳಿದ್ದಳೆಂದು ಊರಿನ ಕತೆ. ಆರ್ಕ್ಟಿಕ್ ವೃತ್ತಕ್ಕೆ ಅಲ್ಲಿಂದ ನೂರು ಕಿಲೋಮೀಟರ್ ಕೂಡ ಇಲ್ಲ. ಅಕ್ಟೋಬರ್‌ನಲ್ಲಿ ಬೆಳಕು ದಿನಕ್ಕೆ ಆರೇಳು ನಿಮಿಷದಂತೆ ಕಡಿಮೆಯಾಗುತ್ತ ಬರುತ್ತದೆ. ಮಧ್ಯಾಹ್ನದ ಕೆಲಸ ನಾಳೆಗಿರಲಿ ಎಂದು ಬಿಟ್ಟರೆ ನಾಳೆ ಆ ಹೊತ್ತಿಗೆ ನಿನ್ನೆಯಷ್ಟು ಬೆಳಕು ಇರುವುದಿಲ್ಲ.

ಇಂಥ ಊರಿಗೆ ಕಲಾವಿದರು ಬಂದದ್ದರ ಹಿಂದೆ ಮೀನಿನ ಕತೆಯಿದೆ. 1984ರಲ್ಲಿ ಐಸ್‌ಲ್ಯಾಂಡ್ ಕಾಡ್ ಮುಂತಾದ ಮೀನುಗಳಿಗೆ ದೋಣಿವಾರು ಕೋಟಾ ಗೊತ್ತುಮಾಡಿತು. 1990ರ ಕಾನೂನು ಆ ಕೋಟಾವನ್ನು ಮಾರುವ, ಕೊಳ್ಳುವ ಹಕ್ಕಾಗಿಸಿತು. ಕಡಲಿನ ಮೀನಿನ ಸಂತತಿ ಉಳಿಸಲು ಈ ವ್ಯವಸ್ಥೆ ಬೇಕಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಕೋಟಾ ದೊಡ್ಡ ಕಂಪನಿಗಳ ಕೈ ಸೇರಿದಂತೆ ಎಷ್ಟೋ ಸಣ್ಣ ಬಂದರುಗಳಲ್ಲಿ ಮೀನು ಹಸನು ಮಾಡುವ ಶೆಡ್ಡುಗಳು ಖಾಲಿಯಾದವು. 2008ರಲ್ಲಿ, ದೇಶದ ಮೂರು ದೊಡ್ಡ ಬ್ಯಾಂಕುಗಳು ಕುಸಿದುಬಿದ್ದ ವರ್ಷವೇ, ಇಲ್ಲಿನ ಹಳೆಯ ಮೀನು ಕಾರ್ಖಾನೆಯಲ್ಲಿ ನೆಸ್ ಎಂಬ ರೆಸಿಡೆನ್ಸಿ ಶುರುವಾಯಿತು. ಅಂದಿನಿಂದ ಲೋಕದ ಮೂಲೆಮೂಲೆಯ ಕಲಾವಿದರು ಬಂದು ಒಂದೆರಡು ತಿಂಗಳು ನಿಂತು ಹೋಗುತ್ತಿದ್ದಾರೆ. ಊರಿನ ಕಡೆಯಿಂದ ಯೋಚಿಸಿದರೆ ಇದು ಸಣ್ಣ ಸಂಗತಿಯಲ್ಲ. ತಿಂಗಳು ತಿಂಗಳೂ ಹೊಸ ಮುಖಗಳು ಬರುತ್ತವೆ. ನಮ್ಮ ಮನೆ, ಬಲೆ, ಕುರಿ, ಮಂಜು ಎಲ್ಲದರ ಫೋಟೊ ತೆಗೆಯುತ್ತವೆ, ಹೊರಟುಹೋಗುತ್ತವೆ. ಆ ಚಿತ್ರಗಳು ಮುಂದೆ ಏನಾದವು ಎಂದು ಕೇಳುವ ಹಕ್ಕು ಆ ಜನರಿಗೆ ಇದ್ದೇ ಇದೆ.

ನಾನು ವುಡ್‌ಕಟ್ ಮಾಡುವವಳು. ಊರಿನ ಉತ್ತರಕ್ಕೆ ಸ್ಕಾಗಿ ಎಂಬ ಪರ್ಯಾಯ ದ್ವೀಪದ ದಡದುದ್ದಕ್ಕೂ ಬಿಳಿಚಿಕೊಂಡ ಮರದ ದಿಮ್ಮಿಗಳು ಬಿದ್ದಿರುತ್ತವೆ. ಐಸ್‌ಲ್ಯಾಂಡಿನಲ್ಲಿ ದಿಮ್ಮಿ ಕೊಡುವಂಥ ಕಾಡು ಇಲ್ಲವೆಂದೇ ಹೇಳಬೇಕು. ಇವು ಸೈಬೀರಿಯದ ಮರಗಳು. ಅಲ್ಲಿನ ಮಹಾನದಿಗಳಲ್ಲಿ ತೇಲಿ, ಕಡಲ ಹಿಮದಲ್ಲಿ ಸಿಕ್ಕಿಕೊಂಡು, ಉತ್ತರ ಧ್ರುವದ ಸಾಗರವನ್ನು ಹಾಯ್ದು ಬರಲು ಅವಕ್ಕೆ ವರ್ಷಗಳೇ ಹಿಡಿಯುತ್ತವೆ. ದಡದಲ್ಲಿ ಬಿದ್ದಿವೆ ಎಂದು ಯಾರೂ ಹೊತ್ತೊಯ್ಯುವಂತಿಲ್ಲ. ಯಾರ ಜಮೀನಿನ ದಡಕ್ಕೆ ಬಂತೋ ಮರ ಅವರದು. 1281ರ ಯೋನ್ಸ್‌ಬೋಕ್ ಎಂಬ ಕಾನೂನು ಸಂಹಿತೆಯಲ್ಲಿ ಕಡಲು ತಂದು ಹಾಕಿದ್ದರ ಹಕ್ಕಿಗೇ ಒಂದು ಭಾಗ ಮೀಸಲಿತ್ತು. ಹಾಗಾಗಿ ಒಬ್ಬ ಕುರಿ ಸಾಕುವ ರೈತರ ಮನೆಗೆ ಹೋಗಿ ಕೇಳಿದೆ. ಅವರು ತಾವೇ ಟ್ರ್ಯಾಕ್ಟರ್ ತಂದು ಒಂದು ದಿಮ್ಮಿ ಆರಿಸಿ ಕೊಯ್ದು ಹಲಗೆ ಮಾಡಿಕೊಟ್ಟರು.

ಆ ಹಲಗೆಯ ಹಾಗಿನ ಮರಕ್ಕೆ ನಾನು ಅದುವರೆಗೆ ಚಾಣ ಹಚ್ಚಿರಲಿಲ್ಲ. ಚಳಿಯ ಸೀಮೆಯಲ್ಲಿ ನಿಧಾನ ಬೆಳೆದ ಮರದ ಉಂಗುರಗಳು ಒತ್ತೊತ್ತಾಗಿರುತ್ತವೆ, ಉಗುರಿನ ಅಗಲದಲ್ಲಿ ಹತ್ತಾರು ವರ್ಷ. ಬಿರುಕುಗಳಲ್ಲಿ ಕೂತ ಮರಳು ಚಾಣದ ಬಾಯಿಯನ್ನು ಮೊಂಡು ಮಾಡುತ್ತದೆ, ಮತ್ತೆಮತ್ತೆ ಸಾಣೆ ಹಿಡಿಯಬೇಕು. ಶೆಡ್ಡಿನ ಬೆಚ್ಚಗಿನ ಗಾಳಿಗೆ ಹಲಗೆ ಒಣಗಿದಂತೆ ಮೇಲೆ ಉಪ್ಪಿನ ತೆಳು ಪೊರೆ ಏಳುತ್ತಿತ್ತು. ಒರೆಸಿದರೆ ಮರುದಿನ ಮತ್ತೆ ಹಾಜರು. ಶಾಯಿ ಹಚ್ಚಿ ಕಾಗದ ಹಾಸಿ ಚಮಚದ ಬೆನ್ನಿನಿಂದ ಉಜ್ಜಿದಾಗ ನಾನು ಕೆತ್ತಿದ ಕೊಲ್ಲಿಯ ಅಲೆಗಳ ಅಡಿಯಲ್ಲೇ ಮರದ ಉಂಗುರಗಳೂ ಅಚ್ಚಾಗಿ ಬಂದವು. ಯಾವ ಗೆರೆ ನನ್ನದು, ಯಾವುದು ಮರದ್ದು ಎಂದು ಬೇರ್ಪಡಿಸಲು ಆಗುತ್ತಿರಲಿಲ್ಲ. ಹಾಗೆ ಬೇರ್ಪಡದೆ ಇರುವುದೇ ಈ ಕೆಲಸದ ಬೆಲೆ ಎಂದು ನಾನು ನಂಬಿದ್ದೇನೆ.

ಹೊರಡುವ ಮುನ್ನ ಸ್ಟುಡಿಯೊದ ಬಾಗಿಲನ್ನು ಊರಿಗೆ ತೆರೆದಿಟ್ಟೆವು. ಶಾಲೆಯ ಮಕ್ಕಳು, ಬಂದರಿನ ಕೆಲಸಗಾರರು, ಅಂಗಡಿಯಾಕೆ, ವಯಸ್ಸಾದ ದಂಪತಿಗಳು ಬೂಟು ಕಳಚಿಟ್ಟು ಒಳಗೆ ಬಂದರು. ಆ ರೈತರೂ ಬಂದರು. ಗೋಡೆಯ ಮೇಲಿನ ಅಚ್ಚುಗಳನ್ನು ನೋಡಿ, ನೇರ ಮೇಜಿನ ಮೇಲಿದ್ದ ಹಲಗೆಯ ಹತ್ತಿರ ಹೋದರು. ಕನ್ನಡಕ ಹಾಕಿಕೊಂಡು ಉಂಗುರಗಳ ಮೇಲೆ ಬೆರಳಾಡಿಸಿದರು. "ನಮ್ಮಜ್ಜನ ಮನೆಯ ತೊಲೆಗಳೂ ಇಂಥ ಮರದವೇ. ಈಗ ಬರುವುದು ಕಡಿಮೆಯಾಗಿದೆ. ನೀವು ಇದರೊಳಗಿಂದ ನಮ್ಮ ಕೊಲ್ಲಿಯನ್ನೇ ತೆಗೆದಿದ್ದೀರಿ" ಎಂದರು. ಸ್ವಲ್ಪ ಹೊತ್ತು ಬಿಟ್ಟು, ಹಲಗೆಯನ್ನು ಏನು ಮಾಡುತ್ತೀರಿ ಎಂದು ಕೇಳಿದರು. ಅದನ್ನು ಅವರಿಗೇ ಕೊಟ್ಟೆ. ಅಚ್ಚುಗಳಲ್ಲಿ ಒಂದನ್ನು ಊರಿನ ಶಾಲೆಗೆ ಕೊಟ್ಟೆ. ನನ್ನ ಕೆಲಸದ ಬಗ್ಗೆ ಬಂದಿರುವ ಯಾವ ವಿಮರ್ಶೆಯನ್ನೂ ಆ ಒಂದು ಮಾತಿನ ಪಕ್ಕದಲ್ಲಿಡಲಾರೆ. ಅವರಷ್ಟು ಆ ಮರವನ್ನು, ಆ ನೀರನ್ನು ಬಲ್ಲ ವಿಮರ್ಶಕರು ಇನ್ನೆಲ್ಲಿ ಸಿಗಬೇಕು?

ಇದಕ್ಕೆ ಒಂದು ಆಕ್ಷೇಪವಿದೆ, ಗೆಳೆಯರು ಎತ್ತಿದ್ದಾರೆ. ಊರಿಗೆ ತೋರಿಸಲೇಬೇಕೆಂದರೆ ಕಲಾವಿದ ಊರಿಗೆ ಹಿತವಾಗುವುದನ್ನೇ ಮಾಡಲು ಹೊರಡುತ್ತಾನೆ, ಸ್ವಾತಂತ್ರ್ಯ ಹೋಗುತ್ತದೆ ಎಂದು. ಈ ಭಯ ಸುಳ್ಳಲ್ಲ. 'ಸಮುದಾಯದ ಜೊತೆ ಕೆಲಸ' ಎಂಬ ಷರತ್ತಿನ ಅಡಿಯಲ್ಲಿ ಹುಟ್ಟಿದ ಎಷ್ಟೋ ಪೊಳ್ಳು ಭಿತ್ತಿಚಿತ್ರಗಳನ್ನು ನೋಡಿದ್ದೇನೆ. ಅದಕ್ಕೇ ಹೇಳುತ್ತಿದ್ದೇನೆ: ಊರಿನ ಬಗ್ಗೆ ಮಾಡಿ ಎನ್ನಬೇಡಿ, ಊರಿನವರನ್ನು ಕಟ್ಟಿಕೊಂಡು ಮಾಡಿ ಎಂದೂ ಹೇಳಬೇಡಿ. ಏನು ಬೇಕಾದರೂ ಮಾಡಲಿ, ಅರ್ಥವೇ ಆಗದಂಥದ್ದನ್ನೂ ಮಾಡಲಿ. ಮಾಡಿದ್ದನ್ನು ಅಲ್ಲಿ ತೋರಿಸಿ, ಪಕ್ಕದಲ್ಲಿ ನಿಂತು, ಕೇಳಿದ್ದಕ್ಕೆ ಉತ್ತರ ಕೊಟ್ಟು ಹೊರಡಲಿ. ಇಷ್ಟರಿಂದ ಯಾರ ಸ್ವಾತಂತ್ರ್ಯವೂ ಹೋಗುವುದಿಲ್ಲ.

ನಮ್ಮಲ್ಲಿ ನಡೆಯುವುದು ಬೇರೆ. ಸಮುದ್ರದಂಡೆಯ ರೆಸಾರ್ಟಿನಲ್ಲಿ ಶಿಬಿರ, ಗೇಟಿನ ಒಳಗೆ ಕ್ಯಾನ್ವಾಸು, ಹೊರಗೆ ಇಣುಕುವ ಮಕ್ಕಳು. ಕೊನೆಯ ದಿನ ಅತಿಥಿಗಳ ಭಾಷಣ, ಗುಂಪು ಫೋಟೊ, ಚಿತ್ರಗಳೆಲ್ಲ ವ್ಯಾನಿನಲ್ಲಿ ನಗರಕ್ಕೆ. ಅಲ್ಲಿಂದ ಅವು ಯಾವ ಉಗ್ರಾಣ ಸೇರುತ್ತವೋ, ಬರೆದವರಿಗೂ ತಿಳಿಯದು. ನಾವು ಇದಕ್ಕೆ ಮಾದರಿ ಹುಡುಕಿಕೊಂಡು ಐಸ್‌ಲ್ಯಾಂಡಿಗೆ ಹೋಗಬೇಕಾಗಿಯೂ ಇಲ್ಲ. 1949ರಲ್ಲಿ ಹೆಗ್ಗೋಡಿನಲ್ಲಿ ಹುಟ್ಟಿದ ನೀನಾಸಂ ಲೋಕದ ನಾಟಕಗಳನ್ನು ಮೊದಲು ಅಡಿಕೆ ತೋಟದ ನಡುವಿನ ಆ ಹಳ್ಳಿಗೆ ತೋರಿಸಿತು, 1985ರಿಂದ ತಿರುಗಾಟದ ಮೂಲಕ ಊರೂರಿಗೆ ಒಯ್ಯಿತು. ಷೇಕ್ಸ್‌ಪಿಯರ್ ನೋಡಲು ಬಂದವರಿಗೆ ಒಂದು ಅಚ್ಚಿನ ಚಿತ್ರ ನೋಡಲು ಆಗುವುದಿಲ್ಲವೇ?

ಜಾಗ ಎಲ್ಲಿದೆ ಎಂದು ಕೇಳುವವರಿಗೆ ನನ್ನ ಜಿಲ್ಲೆಯದೇ ಒಂದು ಸಲಹೆ. ಅಘನಾಶಿನಿ ಕಡಲು ಸೇರುವಲ್ಲಿ ತದಡಿ ಬಂದರಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಟ್ರಾಲರುಗಳು ದಡ ಸೇರುತ್ತವೆ, ಬಂದರಿನ ಶೆಡ್ಡುಗಳಲ್ಲಿ ಕೆಲಸ ಇಳಿಯುತ್ತದೆ, ಬಲೆ ಹೆಣೆಯುವವರು ಅಲ್ಲೇ ಕೂತಿರುತ್ತಾರೆ. ಕರಾವಳಿಯಲ್ಲಿ ಶಿಬಿರ ನಡೆಸುವವರು ತಮ್ಮ ಕೊನೆಯ ಎರಡು ದಿನವನ್ನು ರೆಸಾರ್ಟಿನ ಹಾಲ್‌ನಿಂದ ಇಂಥ ಶೆಡ್ಡಿಗೆ ತರಲಿ. ಮಳೆ ಎರಚದ ಗೋಡೆ ನೋಡಿ ಚಿತ್ರ ತೂಗುಹಾಕಲಿ, ಅಡಿಬರಹ ಕನ್ನಡದಲ್ಲಿರಲಿ, ಕಲಾವಿದರು ಕಡ್ಡಾಯವಾಗಿ ಅಲ್ಲಿ ಇರಲಿ. ಮತ್ತು ಉದ್ಘಾಟನೆಯನ್ನು ಸಂಜೆ ಐದಕ್ಕೆ ಇಡಬೇಡಿ. ಮೀನು ಮಾರುವ ಹೆಂಗಸರಿಗೆ ಆಗ ಮನೆಯಲ್ಲಿ ಒಲೆಯ ಕೆಲಸ ಕಾದಿರುತ್ತದೆ. ಅವರು ಪೇಟೆಯಿಂದ ಬುಟ್ಟಿ ಬರಿದು ಮಾಡಿ ಮರಳುವ ಮಧ್ಯಾಹ್ನದ ಹೊತ್ತಿಗೇ ಬಾಗಿಲು ತೆರೆದಿರಲಿ.