ಜೊತೆಗೆಲಸದ ಕಣ್ಣು

ಹಬ್ಬದ ಮುಂಜಾನೆ ಅಕ್ಕತಂಗಿಯರಿಬ್ಬರು ಅಂಗಳದಲ್ಲಿ ದೊಡ್ಡದೊಂದು ರಂಗವಲ್ಲಿಯನ್ನಿಡುವಾಗ ಮಾತು ಕಡಿಮೆ. ತಂಗಿಯ ಕೈ ಎಲ್ಲಿದೆ, ಯಾವ ಎಳೆಯನ್ನು ಹಿಡಿದಿದ್ದಾಳೆ ಎಂಬುದು ಅಕ್ಕನಿಗೆ ಕೇಳದೆಯೇ ತಿಳಿಯುತ್ತದೆ. ಕೂಡಿ ದುಡಿಯುವುದಕ್ಕೆಲ್ಲ ಈ ಅರಿವೇ ಮೂಲ.

ಇಂದು ದೂರದೂರದಲ್ಲಿರುವವರು ಕಂಪ್ಯೂಟರಿನ ತೆರೆಯ ಮೇಲೆ ಒಂದೇ ಬರಹವನ್ನು ಒಟ್ಟಾಗಿ ತಿದ್ದುತ್ತಾರೆ. ಅಲ್ಲಿ ಈ ಅರಿವನ್ನು ತಂತ್ರಾಂಶವೇ ಒದಗಿಸಬೇಕು. ಒದಗಿಸುತ್ತಿದೆಯೇ ಎಂದು ಅಳೆಯುವ ಬಗೆ ಹೇಗೆ?

ಕೆನಡಾದ ಕಾರ್ಲ್ ಗಟ್ವಿನ್ ಮತ್ತು ಸಾಲ್ ಗ್ರೀನ್‌ಬರ್ಗ್ ಎಂಬ ವಿದ್ವಾಂಸರು ಇದಕ್ಕೆ ಸರಳವಾದ ಪ್ರಶ್ನೆಗಳನ್ನು ಮುಂದಿಟ್ಟರು: ಯಾರಿದ್ದಾರೆ? ಏನು ಮಾಡುತ್ತಿದ್ದಾರೆ? ಎಲ್ಲಿ ಮಾಡುತ್ತಿದ್ದಾರೆ? 1998ರಲ್ಲಿ ಅವರು ಪ್ರಕಟಿಸಿದ ಪ್ರಯೋಗವೊಂದರಲ್ಲಿ ಇಬ್ಬಿಬ್ಬರು ಸೇರಿ ತೆರೆಯ ಮೇಲೆ ಕೊಳವೆಗಳನ್ನು ಜೋಡಿಸಬೇಕಾಗಿತ್ತು. ಇಡೀ ಕೆಲಸದ ಪುಟ್ಟ ನಕ್ಷೆಯಲ್ಲಿ ಜೊತೆಗಾರನ ಚಲನವಲನವೂ ಕಂಡಾಗ ಕೆಲವು ಕೆಲಸಗಳು ಬೇಗ ಮುಗಿದವು. ಬಳಸಿದವರೂ ಅದನ್ನೇ ಮೆಚ್ಚಿದರು.

ಆದರೆ ಗಡಿಯಾರವೊಂದೇ ಒರೆಗಲ್ಲಾಗದು. ಜೊತೆಗಾರನಿಗೆ ನೆರವಾಗುವ ಗುರುತು ಮೇಲಧಿಕಾರಿಗೆ ಕಾವಲಿನ ಕಿಂಡಿಯೂ ಆಗಬಲ್ಲದು. ಆತ ಯಾವ ಸಾಲನ್ನು ತಿದ್ದುತ್ತಿದ್ದಾನೆಂದು ತಿಳಿಸುವುದು ಸಹಕಾರ. ಎಷ್ಟು ನಿಮಿಷ ಸುಮ್ಮನೆ ಕುಳಿತನೆಂದು ಎಣಿಸುವುದು ಪಹರೆ. ಮೊದಲನೆಯದರಲ್ಲಿ ಇಬ್ಬರೂ ಪರಸ್ಪರ ಕಾಣುತ್ತಾರೆ. ಎರಡನೆಯದರಲ್ಲಿ ಕಾಣುವವನೊಬ್ಬ, ಕಾಣಿಸಿಕೊಳ್ಳುವವನೊಬ್ಬ.

ಆದುದರಿಂದ, ವಾಚಕರೇ, ನಿಮ್ಮ ಕಚೇರಿಗೆ ಇಂತಹ ತಂತ್ರಾಂಶ ಬಂದಾಗ ಅದರ ವೇಗವನ್ನು ವಿಚಾರಿಸುವುದರ ಜೊತೆಗೆ ಇನ್ನೊಂದು ಮಾತನ್ನೂ ಕೇಳಿರಿ: ನನ್ನನ್ನು ನೋಡುವವನನ್ನು ನಾನೂ ನೋಡಬಲ್ಲೆನೇ?