ಒಂದು ಚೂರು ಕೊಬ್ಬಿನ ದಾನ

ಕನ್ನಡದಲ್ಲಿ ಕೊಬ್ಬು ಎಂಬ ಮಾತಿಗೆ ಎರಡು ಅರ್ಥಗಳಿವೆ. ಒಂದು, ಚರ್ಮದ ಅಡಿಯಲ್ಲಿ ಶೇಖರವಾಗುವ ಮೇದಸ್ಸು. ಇನ್ನೊಂದು, ಸೊಕ್ಕು. "ಅವನಿಗೆ ಕೊಬ್ಬು ಜಾಸ್ತಿಯಾಗಿದೆ" ಎಂದಾಗ ಯಾರೂ ತಕ್ಕಡಿ ತರಲು ಹೋಗುವುದಿಲ್ಲ. ಮೈಯಲ್ಲಿ ಕೊಬ್ಬು ಸೇರಿದರೆ ಅದು ಆ ವ್ಯಕ್ತಿಯದೇ ತಪ್ಪು ಎಂಬ ಭಾವನೆ ಹೀಗೆ ಭಾಷೆಯಲ್ಲೇ ಕುಳಿತುಬಿಟ್ಟಿದೆ. ಹೆಚ್ಚು ತಿಂದರು, ಕಡಿಮೆ ಓಡಾಡಿದರು, ದಪ್ಪಗಾದರು, ಲೆಕ್ಕ ಮುಗಿಯಿತು! ಈ ಲೆಕ್ಕಕ್ಕೆ ಸಿಗದ ಕಾಯಿಲೆಯೊಂದಿದೆ. ಅದರ ಹೆಸರು ಲಿಪೆಡಿಮಾ.

ಇದು ಬರುವುದು ಬಹುಮಟ್ಟಿಗೆ ಹೆಂಗಸರಿಗೆ. ಗಂಡಸರಲ್ಲಿ ತೀರ ಅಪರೂಪ. ಹುಡುಗಿ ಮೈನೆರೆಯುವ ವಯಸ್ಸಿನಲ್ಲಿ, ಇಲ್ಲವೇ ಮುಂದೆ ಬಸಿರಿನ ಸಮಯದಲ್ಲಿ ಅಥವಾ ಮುಟ್ಟು ನಿಲ್ಲುವ ಕಾಲದಲ್ಲಿ ಸೊಂಟದಿಂದ ಕೆಳಗೆ ಕೊಬ್ಬು ಸೇರತೊಡಗುತ್ತದೆ. ಎರಡೂ ಕಾಲುಗಳು ಸಮನಾಗಿ ದಪ್ಪವಾಗುತ್ತವೆ. ಕೆಲವರಿಗೆ ತೋಳುಗಳೂ ಹಾಗೆಯೇ. ವಿಚಿತ್ರವೆಂದರೆ ಪಾದಗಳು ಮಾತ್ರ ಮೊದಲಿನಂತೆಯೇ ಉಳಿದು, ಗೆಜ್ಜೆ ಕಟ್ಟುವ ಜಾಗದಲ್ಲಿ ದಪ್ಪ ತಟ್ಟನೆ ನಿಂತುಬಿಡುತ್ತದೆ. ಆನೆಕಾಲು ರೋಗವನ್ನು ಕಂಡವರಿಗೆ ವ್ಯತ್ಯಾಸ ಹೊಳೆಯುತ್ತದೆ. ಅದು ಸೊಳ್ಳೆಗಳು ಹೊತ್ತು ತರುವ ಹುಳುಗಳಿಂದ ಬರುವಂಥದು. ಅದರಲ್ಲಿ ಪಾದವೂ ಊದುತ್ತದೆ, ಎರಡು ಕಾಲುಗಳೂ ಒಂದೇ ಸಮನಾಗಿ ಊದುವುದು ಕಡಿಮೆ. ಲಿಪೆಡಿಮಾಕ್ಕೆ ಹುಳುವಿನ ಸಂಬಂಧವಿಲ್ಲ. ಆದರೆ ನೋವಿದೆ. ಕಾಲನ್ನು ಒತ್ತಿದರೆ ನೋವು; ಬೆಂಚಿನ ಅಂಚು ತಾಗಿದರೂ ಸಾಕು, ಚರ್ಮ ನೀಲಿಗಟ್ಟುತ್ತದೆ. ಊಟ ಕಡಿಮೆ ಮಾಡಿದರೆ ಮುಖ, ಎದೆ, ಸೊಂಟ ಸೊರಗುತ್ತವೆಯೇ ಹೊರತು ಕಾಲು ಅಷ್ಟಾಗಿ ಇಳಿಯುವುದಿಲ್ಲ.

ಇಂಥ ಹುಡುಗಿಗೆ ಮನೆಯಲ್ಲಿ ಸಿಗುವ ಉಪದೇಶವನ್ನು ಊಹಿಸಿಕೊಳ್ಳಿ. ಅನ್ನ ಬಿಡು, ಸಿಹಿ ಮುಟ್ಟಬೇಡ, ಬೆಳಿಗ್ಗೆ ಎದ್ದು ಓಡು. ಹೇಳುವವರಿಗೆ ಪ್ರೀತಿಯೇ ಇರುತ್ತದೆ. ಆದರೆ ಅರೆಹೊಟ್ಟೆ ಉಂಡೂ ಕಾಲು ತೆಳುವಾಗದಿದ್ದಾಗ ಅವಳು ಕದ್ದು ತಿನ್ನುತ್ತಿದ್ದಾಳೆ ಎಂಬ ಅನುಮಾನ ಅವರಿಗೇ ಬರುತ್ತದೆ. ಕಾಲು ದಪ್ಪಗಿರುವವರಿಗೆಲ್ಲ ಈ ಕಾಯಿಲೆ ಇದೆ ಎಂದೇನೂ ಅಲ್ಲ. ಅದನ್ನು ತೀರ್ಮಾನಿಸಬೇಕಾದವರು ವೈದ್ಯರು. ಒಂದೇ ಕಾಲು ಏಕಾಏಕಿ ಊದಿಕೊಂಡರಂತೂ ಅದು ಬೇರೆಯೇ ಸಂಗತಿ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಈ ಕಾಯಿಲೆಯನ್ನು ಮೊದಲು ಹೆಸರಿಟ್ಟು ವಿವರಿಸಿದವರು ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯರಾದ ಆ್ಯಲೆನ್ ಮತ್ತು ಹೈನ್ಸ್. ಅದು 1940ನೇ ಇಸವಿ. 1951ರಲ್ಲಿ ಅವರು ಇನ್ನೊಬ್ಬ ಸಹೋದ್ಯೋಗಿಯೊಡನೆ 119 ರೋಗಿಗಳ ವಿವರಗಳನ್ನು ಪ್ರಕಟಿಸಿದರು. ಆಮೇಲೆ ದಶಕಗಳ ಕಾಲ ಹೆಚ್ಚಿನ ಸದ್ದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಅದಕ್ಕೆ ತನ್ನದೇ ಆದ ಸಂಖ್ಯೆ ದೊರೆತದ್ದು 2022ರಲ್ಲಿ ಜಾರಿಗೆ ಬಂದ ಹನ್ನೊಂದನೆಯ ಆವೃತ್ತಿಯಲ್ಲಿ. ಇದನ್ನು ಖಚಿತವಾಗಿ ಹಿಡಿದುಕೊಡುವ ರಕ್ತಪರೀಕ್ಷೆ ಇಂದಿಗೂ ಇಲ್ಲ. ವೈದ್ಯರು ನೋಡಿ, ಮುಟ್ಟಿ, ಕೇಳಿಯೇ ತಿಳಿಯಬೇಕು. ಬಿಗಿಯಾದ ಕಾಲುಚೀಲ, ವ್ಯಾಯಾಮ, ಕೆಲವರಿಗೆ ಕೊಬ್ಬನ್ನು ಹೀರಿ ತೆಗೆಯುವ ಲೈಪೋಸಕ್ಷನ್ ಶಸ್ತ್ರಚಿಕಿತ್ಸೆ — ಇವು ಉಪಶಮನದ ದಾರಿಗಳು. ಬೇರುಸಹಿತ ಗುಣಪಡಿಸುವ ಮದ್ದಿಲ್ಲ.

ಇಷ್ಟು ತಡವಾದದ್ದೇಕೆ? ಹೆಂಗಸರ ಕಾಲಿನ ದಪ್ಪವನ್ನು ಅಂದಚಂದದ ವಿಷಯವೆಂದು ವೈದ್ಯಲೋಕವೇ ಬದಿಗಿಟ್ಟದ್ದು ಒಂದು ಕಾರಣ; ಅದನ್ನು ಮುಚ್ಚಿಡಬೇಕಾಗಿಲ್ಲ. ಇನ್ನೊಂದು ಕಾರಣ ಪ್ರಯೋಗಾಲಯದ್ದು. ಸಕ್ಕರೆ ಕಾಯಿಲೆಯನ್ನೋ ಬೊಜ್ಜನ್ನೋ ಇಲಿಯಲ್ಲಿ ತರಿಸಿ ಅಭ್ಯಾಸ ಮಾಡಬಹುದು. ಲಿಪೆಡಿಮಾವನ್ನು ಹಾಗೆ ತರಿಸಲು ಅದರ ಮೂಲವೇ ತಿಳಿಯದು. ಆದ್ದರಿಂದ ರೋಗಿಯ ಮೈಯಿಂದ ಬಂದ ಮಾದರಿಯೇ ಸಂಶೋಧಕನಿಗೆ ಮುಖ್ಯ ಪಠ್ಯಪುಸ್ತಕ.

ಕೊಡಬೇಕಾದದ್ದು ದೊಡ್ಡದೇನಲ್ಲ. ಒಂದೆರಡು ಕೊಳವೆ ರಕ್ತ, ಸ್ವಲ್ಪ ಎಂಜಲು, ಅಥವಾ ಚರ್ಮದೊಡನೆ ತೆಗೆದ ಕಡಲೆಕಾಳಿನಷ್ಟು ಕೊಬ್ಬು. ಲೈಪೋಸಕ್ಷನ್ ಮಾಡಿಸಿಕೊಳ್ಳುವವರಿಗಂತೂ ಬೇರೆ ನೋವೇ ಇಲ್ಲ. ಹೇಗೂ ಕಸಕ್ಕೆ ಹೋಗುವ ಕೊಬ್ಬು ಪ್ರಯೋಗಾಲಯಕ್ಕೆ ಹೋಗುತ್ತದೆ, ಅಷ್ಟೇ. ಅಲ್ಲಿ ಅದಕ್ಕೆ ಒಂದು ಕಿಣ್ವ ಬೆರೆಸಿ, ಜೀವಕೋಶಗಳನ್ನು ಹಿಡಿದಿಟ್ಟ ನಾರನ್ನು ಕರಗಿಸುತ್ತಾರೆ. ನಂತರ ಯಂತ್ರದಲ್ಲಿ ಗಿರ್ರನೆ ತಿರುಗಿಸಿದರೆ ಕೊಬ್ಬಿನ ಕೋಶಗಳು ಹಾಲಿನ ಕೆನೆಯಂತೆ ಮೇಲೆ ತೇಲುತ್ತವೆ. ತಳದಲ್ಲಿ ಉಳಿಯುವುದೇ ಹೆಚ್ಚಿನ ಸಂಪತ್ತು: ಮುಂದೆ ಕೊಬ್ಬಿನ ಕೋಶಗಳಾಗಬಲ್ಲ ಎಳೆಯ ಕೋಶಗಳು, ರಕ್ತನಾಳದ ಕೋಶಗಳು, ದೇಹದ ಕಾವಲಿನ ಕೋಶಗಳು. ಎಳೆಯ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ ಅವು ಯಾವಾಗ, ಎಷ್ಟು ಬೇಗ ಕೊಬ್ಬು ತುಂಬಿಕೊಳ್ಳುತ್ತವೆ ಎಂದು ನೋಡಬಹುದು. ಇನ್ನೊಂದು ಪಾಲನ್ನು ಕೂಡಲೇ ಹೆಪ್ಪುಗಟ್ಟಿಸಿ ಸೊನ್ನೆಗಿಂತ 80 ಡಿಗ್ರಿ ಸೆಲ್ಸಿಯಸ್ ಕೆಳಗೆ ಕಾದಿಡುತ್ತಾರೆ. ಆರ್.ಎನ್.ಎ. ಬಹಳ ಬೇಗ ಕೆಡುವ ವಸ್ತು; ಇಲ್ಲಿ ನಿಮಿಷಗಳಿಗೂ ಬೆಲೆಯಿದೆ.

ಮಾದರಿಯ ಜೊತೆ ಮಾಹಿತಿಯೂ ಬೇಕು. ಕಾಯಿಲೆ ಯಾವ ವಯಸ್ಸಿನಲ್ಲಿ ಕಾಣಿಸಿಕೊಂಡಿತು, ತಾಯಿಗೆ, ಅಜ್ಜಿಗೆ, ಸೋದರತ್ತೆಗೆ ಇಂಥದೇ ಕಾಲುಗಳಿದ್ದವೇ, ನೋವು ಎಲ್ಲಿ. ಈ ವಿವರಗಳಿಲ್ಲದ ಮಾದರಿ ಚೀಟಿ ಅಂಟಿಸದ ಉಪ್ಪಿನಕಾಯಿ ಭರಣಿಯಂತೆ. ಒಳಗೇನಿದೆಯೋ, ಯಾವ ವರ್ಷದ್ದೋ!

ಇಲ್ಲಿ ಹೈಸ್ಕೂಲಿನ ಒಂದು ಪ್ರಯೋಗ ನೆನಪಿಗೆ ಬರಬೇಕು. ಎಲೆಯ ಅರ್ಧಕ್ಕೆ ಕಪ್ಪು ಕಾಗದ ಮುಚ್ಚಿ, ಉಳಿದರ್ಧಕ್ಕೆ ಬಿಸಿಲು ಬೀಳಲು ಬಿಟ್ಟು, ಆಮೇಲೆ ಅಯೋಡಿನ್ ಹಾಕಿ ಪಿಷ್ಟ ಪರೀಕ್ಷಿಸುವ ಪ್ರಯೋಗ. ಬಿಸಿಲಿಗಿದ್ದ ಭಾಗ ಪಕ್ಕದಲ್ಲಿಲ್ಲದಿದ್ದರೆ ಮುಚ್ಚಿದ ಭಾಗ ಏನನ್ನೂ ಹೇಳುವುದಿಲ್ಲ. ಲಿಪೆಡಿಮಾ ಸಂಶೋಧನೆಯಲ್ಲೂ ಹಾಗೆಯೇ. ರೋಗಿಯ ತೊಡೆಯ ಕೊಬ್ಬನ್ನು ಯಾವುದಕ್ಕೆ ಹೋಲಿಸಬೇಕು? ತೆಳ್ಳಗಿನವರ ಕೊಬ್ಬಿಗೆ ಹೋಲಿಸಿದರೆ ಕಾಣುವ ವ್ಯತ್ಯಾಸ ಕಾಯಿಲೆಯದೋ ಬರೀ ತೂಕದ್ದೋ ತಿಳಿಯದು. ಹೊಟ್ಟೆಯ ಕೊಬ್ಬಿಗೆ ಹೋಲಿಸುವಂತಿಲ್ಲ. ಹೊಟ್ಟೆಯ ಕೊಬ್ಬು, ತೊಡೆಯ ಕೊಬ್ಬು ಸ್ವಭಾವದಲ್ಲೇ ಬೇರೆ. ಸುಮಾರು ಅದೇ ವಯಸ್ಸಿನ, ಅದೇ ತೂಕದ, ಆದರೆ ಕಾಯಿಲೆಯಿಲ್ಲದ ಹೆಂಗಸು ತನ್ನ ತೊಡೆಯಿಂದ ಚೂರು ಕೊಬ್ಬು ಕೊಡಬೇಕು. ತನಗೆ ಯಾವ ಲಾಭವೂ ಇಲ್ಲದ ಇಂಥ ದಾನಿ ಸಿಗುವುದೇ ಕಷ್ಟ. ರೋಗಿಯ ಅಕ್ಕನೋ ಗೆಳತಿಯೋ ಮುಂದೆ ಬಂದರೆ ಅದರ ಬೆಲೆ ರೋಗಿಯ ದಾನಕ್ಕಿಂತ ಕಡಿಮೆಯಲ್ಲ.

ಫಲಗಳು ನಿಧಾನವಾಗಿ ಬರುತ್ತಿವೆ. 2020ರಲ್ಲಿ ಇಟಲಿಯ ಸಂಶೋಧಕರು ಒಂದು ಕುಟುಂಬದ ಡಿ.ಎನ್.ಎ. ಪರೀಕ್ಷಿಸಿ, ರೋಗವಿದ್ದವರಲ್ಲಿ ಎಕೆಆರ್1ಸಿ1 ಎಂಬ ವಂಶವಾಹಿಯಲ್ಲಿ ಬದಲಾವಣೆಯನ್ನು ಗುರುತಿಸಿದರು. ಪ್ರೊಜೆಸ್ಟೆರಾನ್ ಎಂಬ ಸ್ತ್ರೀ ಹಾರ್ಮೋನನ್ನು ನಿಷ್ಕ್ರಿಯಗೊಳಿಸುವ ಕಿಣ್ವ ತಯಾರಾಗುವುದು ಈ ವಂಶವಾಹಿಯ ಆದೇಶದಂತೆ. ಮೈನೆರೆಯುವಾಗ ಕಾಯಿಲೆ ತಲೆಯೆತ್ತುವುದಕ್ಕೆ ಇದು ಹೊಂದುತ್ತದೆ. ಆದರೂ ಒಂದು ಮನೆಯ ಉತ್ತರ ಎಲ್ಲ ಮನೆಗಳ ಉತ್ತರವಾಗಲಾರದು. 2022ರಲ್ಲಿ ಲಂಡನ್ನಿನ ಸೇಂಟ್ ಜಾರ್ಜ್ ವಿಶ್ವವಿದ್ಯಾಲಯದ ತಂಡ ಬ್ರಿಟನ್ನಿನ ನೂರಕ್ಕೂ ಹೆಚ್ಚು ರೋಗಿಗಳ ಡಿ.ಎನ್.ಎ. ಜಾಲಾಡಿ ಕೆಲವು ಸುಳಿವುಗಳನ್ನು ಕೊಟ್ಟಿತು. ಸುಳಿವು ಗಟ್ಟಿಯಾಗಬೇಕಾದರೆ ನೂರು ಸಾಲದು, ಸಾವಿರಗಳು ಬೇಕು.

ಹೀಗೆ ಕೊಟ್ಟದ್ದರಿಂದ ನಿಜಕ್ಕೂ ಏನಾದರೂ ಆಗುತ್ತದೆಯೇ ಎಂದು ಕೇಳುವವರಿಗೆ ಇನ್ನೊಂದು ಕಾಯಿಲೆಯ ಕಥೆ ಹೇಳಬಹುದು. ಹಂಟಿಂಗ್ಟನ್ ಕಾಯಿಲೆ ಮಿದುಳನ್ನು ಕ್ರಮೇಣ ನಾಶಮಾಡುವ ವಂಶಪಾರಂಪರ್ಯ ರೋಗ. ದಕ್ಷಿಣ ಅಮೆರಿಕದ ವೆನೆಜುವೆಲಾದಲ್ಲಿ ಮರಕೈಬೊ ಸರೋವರದ ದಂಡೆಯ ಬಡ ಬೆಸ್ತರ ಕುಟುಂಬಗಳಲ್ಲಿ ಅದು ಬಹಳ. ಸ್ವತಃ ತಾಯಿಯನ್ನು ಈ ರೋಗಕ್ಕೆ ಕಳೆದುಕೊಂಡಿದ್ದ ನ್ಯಾನ್ಸಿ ವೆಕ್ಸ್‌ಲರ್ 1980ರ ದಶಕದಲ್ಲಿ ತಂಡ ಕಟ್ಟಿಕೊಂಡು ವರ್ಷವರ್ಷವೂ ಅಲ್ಲಿಗೆ ಹೋಗಿ ರಕ್ತ ಸಂಗ್ರಹಿಸಿದರು. ಪರದೇಶದವರಿಗೆ ರಕ್ತ ಕೊಡಲು ಹಳ್ಳಿಗರು ಹಿಂಜರಿದಾಗ, ತನ್ನ ತೋಳಿನಿಂದಲೂ ಚರ್ಮದ ಮಾದರಿ ತೆಗೆದಿದ್ದ ಗಾಯದ ಕಲೆಯೇ ಆಕೆಯ ಪರಿಚಯಪತ್ರವಾಯಿತು. ಈಕೆಯೂ ನಮ್ಮಂತೆಯೇ ಎಂದು ಅವರು ತೋಳು ಚಾಚಿದರು. 1983ರಲ್ಲಿ ದೋಷ ನಾಲ್ಕನೆಯ ವರ್ಣತಂತುವಿನಲ್ಲಿದೆ ಎಂದು ಗೊತ್ತಾಯಿತು. 1993ರಲ್ಲಿ ವಂಶವಾಹಿಯೇ ಸಿಕ್ಕಿತು. ಇಂದು ಜಗತ್ತಿನಲ್ಲಿ ಎಲ್ಲೇ ಆಗಲಿ ರಕ್ತಪರೀಕ್ಷೆಯಿಂದ ಈ ರೋಗವನ್ನು ಖಚಿತಪಡಿಸಲು ಸಾಧ್ಯವಾಗಿರುವುದು ಆ ಬೆಸ್ತರ ರಕ್ತದಿಂದ. ಗುಣಪಡಿಸುವ ಮದ್ದು ಮಾತ್ರ ಅವರಿಗೂ ಸಿಕ್ಕಿಲ್ಲ, ಇತರರಿಗೂ ಸಿಕ್ಕಿಲ್ಲ. ಮಾದರಿ ಕೊಡುವವರಿಗೆ ಇದನ್ನು ಮೊದಲೇ ತಿಳಿಸಬೇಕು.

ಕೇಳದೆ ತೆಗೆದುಕೊಂಡ ಉದಾಹರಣೆಯೂ ಇದೆ. 1951ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡ ಹೆನ್ರಿಯೆಟಾ ಲ್ಯಾಕ್ಸ್ ಎಂಬಾಕೆಯ ಜೀವಕೋಶಗಳು ಹೀಲಾ ಎಂಬ ಹೆಸರಿನಲ್ಲಿ ಲೋಕದ ಪ್ರಯೋಗಾಲಯಗಳಲ್ಲೆಲ್ಲ ಇಂದಿಗೂ ಬೆಳೆಯುತ್ತಿವೆ. ಆಕೆಯ ಮನೆಯವರಿಗೆ ಸುದ್ದಿ ತಿಳಿದದ್ದು ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ನಂತರ. ಒಪ್ಪಿಗೆ ಪತ್ರ ಎಂಬುದು ಬರೀ ಕಾಗದದ ಶಾಸ್ತ್ರವಲ್ಲ ಎಂದು ಜಗತ್ತು ಕಲಿತದ್ದು ಇಂಥ ಪ್ರಸಂಗಗಳಿಂದ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳಿನ ಮಾದರಿಗಳ ಸಂಗ್ರಹವಿದೆ. ಸಂಶೋಧನೆಗಾಗಿ ದೇಹದ ಭಾಗವನ್ನು ಕೊಡುವುದು ಕರ್ನಾಟಕಕ್ಕೆ ಹೊಸತಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಮಾದರಿಯನ್ನು ಯಾವುದಕ್ಕೆ ಬಳಸುತ್ತಾರೆಂದು ದಾನಿಗೆ ತಿಳಿಸಬೇಕು. ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯುವ ಹಕ್ಕೂ ದಾನಿಗಿದೆ. 18 ವರ್ಷ ತುಂಬದವರಾದರೆ ತಂದೆ ತಾಯಿ ಒಪ್ಪಬೇಕು. ಅಷ್ಟೇ ಸಾಲದು. 12 ದಾಟಿದ ಹುಡುಗ ಹುಡುಗಿಯರಿಂದ ಬರವಣಿಗೆಯಲ್ಲೇ ಸಮ್ಮತಿ ಪಡೆಯಬೇಕು. ಅಪ್ಪ ಅಮ್ಮ ಇಬ್ಬರೂ ರುಜು ಹಾಕಿದ ಮೇಲೂ ಮಗಳು ಒಲ್ಲೆನೆಂದರೆ ಸೂಜಿಯನ್ನು ಪಕ್ಕಕ್ಕಿಡಬೇಕು.