ಎಂಟು ಕ್ಯಾಮೆರಾ ಇದ್ದವು, ಒಂದು ಮುಖವೂ ಸಿಗಲಿಲ್ಲ

ದಾವಣಗೆರೆಯ ಮಂಡಿಪೇಟೆಯಲ್ಲಿ ಈಗ ಕ್ಯಾಮೆರಾ ಇಲ್ಲದ ಅಂಗಡಿಯನ್ನು ಹುಡುಕಬೇಕು. ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ. ಪಕ್ಕದಲ್ಲೇ ಒಂದು ಕ್ಯಾಮೆರಾ. ಎರಡನ್ನೂ ಒಂದೇ ನಂಬಿಕೆಯಲ್ಲಿ ಕಟ್ಟಿ ಮರೆಯುತ್ತಾರಲ್ಲ, ಅದೇ ನಮ್ಮ ತಕರಾರು.

ಕಳೆದ ತಿಂಗಳು ಒಂದು ಕಾಂಪ್ಲೆಕ್ಸಿನಲ್ಲಿ ಹಾಡಹಗಲೇ ಗಲ್ಲಾದ ದುಡ್ಡು ಹೋಯಿತು. ಎಂಟು ಕ್ಯಾಮೆರಾ ಇದ್ದವು. ಟಿ.ವಿ. ಹಾಕಿ ನೋಡಿದರೆ ಕಂಡದ್ದು ಒಂದು ಮಬ್ಬು ಆಕಾರ, ತಲೆಗೊಂದು ಟವೆಲ್ಲು. ಟವೆಲ್ಲು ಸುತ್ತಿದ ಹಮಾಲಿಯೊಬ್ಬ ಆ ದಿನ ಅಲ್ಲೇ ಮೂಟೆ ಹೊತ್ತಿದ್ದ. ಸರಿ, ಸಿಕ್ಕಿಬಿದ್ದ ಕಳ್ಳ! ಸಂಜೆತನಕ ಅವನನ್ನು ಕೂರಿಸಿಕೊಂಡರು. ಕೊನೆಗೆ ನೋಡಿದರೆ ಯಂತ್ರದ ಗಡಿಯಾರವೇ ನಲವತ್ತು ನಿಮಿಷ ಹಿಂದಿತ್ತು. ಕಳವಾದ ನಿಜವಾದ ಹೊತ್ತಿಗೆ ಅವನು ಲಾರಿ ಜೊತೆ ಎ.ಪಿ.ಎಂ.ಸಿ.ಯಲ್ಲಿದ್ದ, ವೇಬ್ರಿಡ್ಜ್ ಚೀಟಿ ಸಾಕ್ಷಿ. ಅವನ ಕೂಲಿ, ಅವನ ಮಾನ ಯಾರು ಕೊಡ್ತಾರೆ ಸ್ವಾಮಿ?

ಮಾರುವವನು ಹೇಳೋದು ಒಂದೇ ಮಾತು: "ಎಂಟು ಹಾಕ್ಸಿ ಸಾಹುಕಾರ್ರೇ, ಒಂದ್ ಮೂಲೆನೂ ಬಿಡಲ್ಲ." ಮೂಲೆ ಬಿಡಲ್ಲ, ನಿಜ. ಮುಖ ಬಿಡುತ್ತೆ! ಸಾಮಾನ್ಯವಾಗಿ ಕೂರಿಸೋದು 2.8 ಮಿಲಿಮೀಟರ್ ಲೆನ್ಸು. ಅದು ಅಗಲಕ್ಕೆ ಎಲ್ಲವನ್ನೂ ತೋರಿಸುತ್ತದೆ. ಆದರೆ 2 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಹತ್ತು ಹನ್ನೆರಡು ಅಡಿ ದಾಟಿದ ಅಪರಿಚಿತನ ಮುಖವನ್ನು ಖಚಿತವಾಗಿ ಗುರುತಿಸುವುದು ಕಷ್ಟ. 6 ಮಿಲಿಮೀಟರ್ ಲೆನ್ಸು ನೋಡುವುದು ಕಿರಿದು, ಆದರೆ ಇಪ್ಪತ್ತು ಅಡಿಯಾಚೆಯ ಮುಖವನ್ನೂ ಹಿಡಿದೀತು. ಜನ ಒಳಗೆ ಬರುವ ಬಾಗಿಲಿಗೆ ಇಂಥದ್ದೊಂದು, ಏಳೆಂಟು ಅಡಿ ಎತ್ತರದಲ್ಲಿ, ಸಾಕು. ಸೂರಿಗೆ ಹೊಡೆದರೆ ಬೋಳುತಲೆ, ಟೋಪಿಗಳ ದರ್ಶನವಷ್ಟೇ. ಬೀದಿಗೆ ಮುಖಮಾಡಿದ ಬಾಗಿಲಾದರೆ ಮಧ್ಯಾಹ್ನದ ಬಿಸಿಲು ಹಿಂದಿನಿಂದ ಹೊಡೆದು ಮುಖ ಕಪ್ಪಾಗುತ್ತದೆ, ಡಬ್ಲ್ಯು.ಡಿ.ಆರ್. ಇರುವ ಮಾಲು ಕೇಳಿ. ದುಡ್ಡು ಎಣಿಸುವ ಮೊದಲು ರಾತ್ರಿ ಹೊತ್ತು ದೀಪ ಆರಿಸಿ, ನಿಮ್ಮ ಹುಡುಗನನ್ನೇ ಒಳಗೆ ನಡೆಸಿ ನೋಡಿ. ಮಗನ ಮುಖ ಅಪ್ಪನಿಗೆ ಗುರುತು ಸಿಗದಿದ್ದರೆ ಮಾಲು ವಾಪಸ್.

ಇನ್ನು ಹಾರ್ಡ್ ಡಿಸ್ಕು. ವ್ಯಾಪಾರಿಗಳಿಗೆ ಲೆಕ್ಕ ಹೇಳಿಕೊಡಬೇಕಾಗಿಲ್ಲ, ಆದರೂ ಈ ಲೆಕ್ಕ ಯಾರೂ ಹಾಕಿದ ಹಾಗಿಲ್ಲ. ಇಂಥ ಒಂದು ಕ್ಯಾಮೆರಾ ಹಗಲು ರಾತ್ರಿ ಓಡಿದರೆ ದಿನಕ್ಕೆ ಸುಮಾರು 20 ಜಿ.ಬಿ. ತಿನ್ನುತ್ತದೆ. ಎಂಟಕ್ಕೆ 160. ಒಂದು ಟಿ.ಬಿ. ಡಿಸ್ಕು ಆರೇ ದಿನಕ್ಕೆ ತುಂಬಿ, ಹಳೆಯದರ ಮೇಲೆ ಹೊಸದು ಬರೆಯುತ್ತದೆ. ಸ್ಟಾಕು ಎಣಿಸಿದಾಗ ಹದಿನೈದು ದಿನದ ಹಿಂದಿನ ಕಳವು ಗೊತ್ತಾದರೆ? ಹೋಯ್ತು. ಒಮ್ಮೆಗೇ ನೂರು ಜನ ಅಥವಾ ದಿನಕ್ಕೆ ಐನೂರು ಜನ ಸೇರುವ ಜಾಗಗಳು ಮೂವತ್ತು ದಿನದ ದೃಶ್ಯ ಇಟ್ಟಿರಬೇಕೆಂದು 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯಿದೆಯೇ ಹೇಳುತ್ತದೆ. ನಾಲ್ಕು ಕ್ಯಾಮೆರಾ ಕಡಿಮೆ ಮಾಡಿ, ಆ ದುಡ್ಡಿಗೆ ದೊಡ್ಡ ಡಿಸ್ಕು ಹಾಕಿಸಿ. ಕರೆಂಟು ಹೋಗುವ ಊರು ನಮ್ಮದು, ಯು.ಪಿ.ಎಸ್. ಬೇಕು. ರೆಕಾರ್ಡರ್ ಪೆಟ್ಟಿಗೆ ಗಲ್ಲಾದ ಕೆಳಗೆ ಬೇಡ, ಕಳ್ಳ ಅದನ್ನೂ ಹೊತ್ತೊಯ್ಯುತ್ತಾನೆ. 2025ರ ಏಪ್ರಿಲ್‌ನಿಂದ ಕೇಂದ್ರದ ನಿಯಮದಂತೆ ಕ್ಯಾಮೆರಾಗಳಿಗೆ ಸುರಕ್ಷತಾ ಪರೀಕ್ಷೆಯ ಸರ್ಟಿಫಿಕೇಟು ಕಡ್ಡಾಯ. ಅದನ್ನು ಕೇಳಿ, ಬಿಲ್ಲಿನಲ್ಲಿ ಮಾಡೆಲ್ ನಂಬರು ಬರೆಸಿಕೊಳ್ಳಿ.

ಟಿ.ವಿ. ಪರದೆಗೆ ಮೊಬೈಲು ಹಿಡಿದು ತೆಗೆದ ಚಿತ್ರವನ್ನು ವಾಟ್ಸಾಪಿಗೆ ಬಿಡುವವರಿಗೂ ಒಂದು ಮಾತು. ಕೋರ್ಟಿಗೆ ಬೇಕಾದದ್ದು ಅದಲ್ಲ. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ರೆಕಾರ್ಡಿನ ಪ್ರತಿಯ ಜೊತೆ ಪ್ರಮಾಣಪತ್ರ ಬೇಕು. ಆ ಹಮಾಲಿಯ ಚಿತ್ರ ಮಾತ್ರ ಪೇಟೆಯ ಮೊಬೈಲುಗಳಲ್ಲಿ ಇನ್ನೂ ಓಡಾಡುತ್ತಿದೆ. ಅವನು ಆ ಕಾಂಪ್ಲೆಕ್ಸಿನ ಮೂಟೆ ಹೊರುವುದನ್ನು ಬಿಟ್ಟಿದ್ದಾನೆ. ಮೊನ್ನೆ ಹೋಗಿ ನೋಡಿದೆ, ಯಂತ್ರದ ಗಡಿಯಾರವನ್ನು ಯಾರೂ ಸರಿಮಾಡಿರಲಿಲ್ಲ.